ಅಲೆಕ್ಸಾಂಡ್ರಿಯದ ಕ್ಲೆಮೆಂಟ್

ಅಲೆಕ್ಸಾಂಡ್ರಿಯದ ಕ್ಲೆಮೆಂಟ್ (ಸು. ಕ್ರಿ.ಶ. 150–215) ಆರಂಭಕಾಲದ ಕ್ರೈಸ್ತ ಧರ್ಮಶಾಸ್ತ್ರಜ್ಞ ಹಾಗೂ ಬೋಧಕ. ಗ್ರೀಕ್ ಸಾಹಿತ್ಯ, ತತ್ತ್ವಶಾಸ್ತ್ರಗಳಲ್ಲಿ ಪಾರಂಗತನಾಗಿದ್ದ ಈತ ಗುರುಗಳನ್ನು ಅರಸಿ ಹಲವೆಡೆ ಸಂಚರಿಸಿ, ಕೊನೆಗೆ ಈಜಿಪ್ಟಿನಲ್ಲಿ ಪ್ಯಾಂಟೀನಸನ ಶಿಷ್ಯನಾಗಿ ಅಲೆಕ್ಸಾಂಡ್ರಿಯದಲ್ಲಿ ನೆಲೆಸಿದನು. ಆ ಸಿರಿವಂತ ವ್ಯಾಪಾರನಗರದಲ್ಲಿ ಬೋಧಿಸುತ್ತಿದ್ದ ಈತನು ಕ್ರೈಸ್ತರ ದೈನಂದಿನ ಬಾಳಿನ ಕ್ರಮವನ್ನು ‘ಪೈಡಗೋಗಸ್’ (ಶಿಕ್ಷಕ) ಎಂಬ ಗ್ರಂಥದಲ್ಲಿ ವಿವರಿಸಿದನು. ಊಟ, ಪಾನ, ನಿದ್ರೆ, ಉಡುಪು, ಪಾದರಕ್ಷೆ ಎಲ್ಲದರಲ್ಲೂ ಮಿತಿಯನ್ನು ಬೋಧಿಸುವ ಈ ಕೃತಿಯ ಪ್ರಕಾರ ನಿಜವಾದ ಸೌಂದರ್ಯವಿರುವುದು ಚಿನ್ನ, ಬಣ್ಣಗಳಲ್ಲಲ್ಲ. ಸದ್ಗುಣಗಳಿಂದ ಬೆಳಗುವ ಆತ್ಮದಲ್ಲಿ. ಆದರೂ ಈತ ಸಂಪತ್ತನ್ನೇ ಪಾಪವೆಂದು ಎಣಿಸಲಿಲ್ಲ. ತೊರೆಯಬೇಕಾದುದು ಅದರ ಮೇಲಿನ ಮೋಹವನ್ನು. ಸಂಪತ್ತು ಬಡವರ ನೆರವಿಗೆ ಒದಗಬೇಕು ಎಂಬುದು ಈತನ ನಿಲುವು. ಸುಮಾರು 202ರಲ್ಲಿ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಆಳ್ವಿಕೆಯಲ್ಲಿ ಕ್ರೈಸ್ತರ ಮೇಲೆ ನಡೆದ ದಮನದಿಂದಾಗಿ, ಕ್ಲೆಮೆಂಟ್ ಅಲೆಕ್ಸಾಂಡ್ರಿಯವನ್ನು ತೊರೆಯಬೇಕಾಯಿತು.