ಮೆರುಗಿನ ಸಾಧಕ ಬರ್ನಾರ್ ಪಾಲಿಸಿ

ಸುಮಾರು 1510ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಬರ್ನಾರ್ ಪಾಲಿಸಿಯು ಗಾಜಿನ ಮೇಲೆ ಚಿತ್ರ ಬರೆದು ಜೀವಿಸುತ್ತಿದ್ದನು. ಒಮ್ಮೆ ಮೆರುಗು ಕೊಟ್ಟ ಮಣ್ಣಿನ ಬಟ್ಟಲೊಂದನ್ನು ಕಂಡು, ಅಂಥ ಬಿಳಿಯ ಮೆರುಗನ್ನು ತಾನೂ ಸಾಧಿಸಬೇಕೆಂದು ಪಣತೊಟ್ಟನು. ಕುಂಬಾರಿಕೆಯ ಗಂಧವೂ ಅವನಿಗಿರಲಿಲ್ಲ.

ತವರ, ಸೀಸ ಮೊದಲಾದುವನ್ನು ಅರೆದು ಮಡಕೆಯ ಚೂರುಗಳಿಗೆ ಹಚ್ಚಿ, ಪ್ರತಿಯೊಂದಕ್ಕೂ ಗುರುತು ಮಾಡಿ, ಯಾವುದಕ್ಕೆ ಏನು ಹಚ್ಚಿದನೆಂಬುದನ್ನು ಬರೆದಿಟ್ಟು ಸುಡುತ್ತಿದ್ದನು. ಲೇಪವು ಕರಗಿ ಗಾಜಾಗಿ ಮಣ್ಣಿಗೆ ಹಿಡಿದರೆ ಮಾತ್ರ ಮೆರುಗು. ಕೊನೆಗೆ ಗಾಜುಗಾರರ ಕುಲುಮೆಯಲ್ಲಿಟ್ಟ 300ಕ್ಕೂ ಮಿಕ್ಕ ಚೂರುಗಳಲ್ಲಿ ಒಂದು ಬೆಳ್ಳಗೆ ಹೊಳೆಯಿತು. ಅದೇ ಲೇಪವನ್ನು ಪಾತ್ರೆಗಳಿಗೆ ಹಿಡಿಸಹೋದಾಗ ಸೌದೆ ಮುಗಿಯಿತು. ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಆವಿಗೆಗೆ ಹಾಕಿದನು. ಊರವರು ಹುಚ್ಚನೆಂದರು.

ಬಣ್ಣದ ಮೆರುಗುಗಳು ಬೇರೆ ಬೇರೆ ಕಾವಿನಲ್ಲಿ ಕರಗುತ್ತಿದ್ದುದು ಮತ್ತೊಂದು ತೊಡಕು. ಹಾವಿನ ಬಣ್ಣ ಕರಗುವ ಮೊದಲೇ ಹಲ್ಲಿಯ ಹಸಿರು ಸೀದುಹೋಗುತ್ತಿತ್ತು. ಎಲ್ಲವೂ ಒಂದೇ ಕಾವಿಗೆ ಹದಗೊಳ್ಳುವಂತೆ ಮಾಡಲು ವರ್ಷಗಳೇ ಹಿಡಿದುವು. ಹಾವು, ಹಲ್ಲಿ, ಮೀನುಗಳ ಉಬ್ಬುರೂಪವುಳ್ಳ ಅವನ ತಟ್ಟೆಗಳಿಂದ ರಾಣಿ ಕ್ಯಾಥರೀನಳ ಆಶ್ರಯವೂ ದೊರೆಯಿತು.

1580ರ ತನ್ನ ಗ್ರಂಥದಲ್ಲಿ ಸೋಲುಗಳನ್ನೆಲ್ಲ ಮರೆಮಾಚದೆ ಬರೆದ ಪಾಲಿಸಿಯು ಮೆರುಗಿನ ಪ್ರಮಾಣಗಳನ್ನು ಮಾತ್ರ ಹೇಳಲಿಲ್ಲ. ಪ್ರಾಟೆಸ್ಟೆಂಟ್ ಮತವನ್ನು ಬಿಡಲೊಪ್ಪದೆ 1590ರ ಸುಮಾರಿಗೆ ಬ್ಯಾಸ್ಟೀಲ್ ಸೆರೆಮನೆಯಲ್ಲಿ ಮಡಿದನು. ಅವನ ಛಲವನ್ನು ಮೆಚ್ಚುವಾಗ, ಹಲಗೆಯಿಲ್ಲದ ಆ ಮನೆಯಲ್ಲಿ ಬಾಳಿದ ಹೆಂಡತಿ ಮಕ್ಕಳ ಬವಣೆಯನ್ನೂ ನಾವು ನೆನೆಯಬೇಕು.