ಕಡಲಕಳೆಯ ಬೂದಿಯಲ್ಲಿ ಸಿಕ್ಕ ಔಷಧ

ಚಿತ್ರದುರ್ಗದ ಕೋಟೆಗೆ ಹೋದವರು ಅಲ್ಲಿ ಮದ್ದು ಅರೆಯಲು ಬಳಸುತ್ತಿದ್ದರೆನ್ನಲಾದ ಬೃಹತ್ ಬೀಸುಕಲ್ಲುಗಳನ್ನು ನೋಡಿರುತ್ತಾರೆ. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದರೆ ಮದ್ದು. ಆ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನನಗೆ ಮದಕರಿ ನಾಯಕರ ಜೊತೆಗೆ ಇನ್ನೊಬ್ಬನೂ ನೆನಪಾಗುತ್ತಿದ್ದ. ಆತ ಫ್ರಾನ್ಸಿನ ಪೆಟ್ಲುಪ್ಪು ತಯಾರಕ, ಅಯೋಡಿನ್ನನ್ನು ಕಂಡುಹಿಡಿದ ಬರ್ನಾರ್ ಕೂರ್ತ್ವಾ.

1777ರಲ್ಲಿ ದಿಜೋನ್ ನಗರದಲ್ಲಿ ಹುಟ್ಟಿದ ಕೂರ್ತ್ವಾನ ತಂದೆಯದೂ ಅದೇ ಕಸುಬು. ಮಗ ಔಷಧಿ ಅಂಗಡಿಯಲ್ಲಿ ಪಳಗಿ, ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ರಸಾಯನಶಾಸ್ತ್ರ ಅಭ್ಯಸಿಸಿ, ಸೈನ್ಯದಲ್ಲಿ ಔಷಧಿಕಾರನಾಗಿ ದುಡಿದು, ಕೊನೆಗೆ ಪೆಟ್ಲುಪ್ಪಿನ ಉದ್ಯಮಕ್ಕೇ ಮರಳಿದ. ನೆಪೋಲಿಯನ್ನನ ಯುದ್ಧಗಳಿಗೆ ಮದ್ದು ಬೇಕಿತ್ತು. ಪೆಟ್ಲುಪ್ಪಿನ ತಯಾರಿಕೆಗೆ ಬೂದಿ ಬೇಕಿತ್ತು. ಮರದ ಬೂದಿ ಸಾಲದಾದಾಗ ನಾರ್ಮಂಡಿಯ ತೀರಕ್ಕೆ ಅಲೆಗಳು ತಂದೊಡ್ಡುವ ಕಡಲಕಳೆಯನ್ನು ಸುಟ್ಟು, ಅದರ ಬೂದಿಯನ್ನು ತರಿಸಲಾಯಿತು.

ಆ ಬೂದಿಯ ದ್ರಾವಣ ತಾಮ್ರದ ಪಾತ್ರೆಗಳನ್ನು ತಿನ್ನತೊಡಗಿತ್ತು. 1811ರಲ್ಲಿ ಅದಕ್ಕೆ ಗಂಧಕಾಮ್ಲ ತುಸು ಹೆಚ್ಚಾಗಿ ಬಿದ್ದಾಗ ನೇರಳೆ ಬಣ್ಣದ ಆವಿ ಎದ್ದು, ತಣ್ಣನೆಯ ಮೇಲ್ಮೈಗಳಲ್ಲಿ ಹೊಳೆಯುವ ಕಪ್ಪು ಹರಳುಗಳಾಗಿ ಕೂತಿತು. (ಬೆಕ್ಕೊಂದು ಸೀಸೆ ಉರುಳಿಸಿದ ಕಥೆಯೂ ಪ್ರಚಾರದಲ್ಲಿದೆ, ನಂಬಬೇಕಾಗಿಲ್ಲ.) ಹೆಚ್ಚಿನ ಸಂಶೋಧನೆಗೆ ಹಣವಿಲ್ಲದ ಕೂರ್ತ್ವಾ ಹರಳುಗಳನ್ನು ಗೆಳೆಯರಾದ ಕ್ಲೆಮಾಂ ಮತ್ತು ದೆಸೋರ್ಮ್ ಅವರಿಗೆ ಕೊಟ್ಟ. 1813ರ ನವೆಂಬರಿನಲ್ಲಿ ವಿಷಯ ಪ್ರಕಟವಾಯಿತು. ಇದೊಂದು ಮೂಲಧಾತುವೆಂದು ಮೊದಲು ತೋರಿಸಿದವರಾರು ಎಂಬ ಬಗ್ಗೆ ಗೇ-ಲುಸಾಕ್ ಮತ್ತು ಹಂಫ್ರಿ ಡೇವಿ ನಡುವೆ ಜಗಳವೇ ನಡೆಯಿತು. ಮೊದಲು ಕಂಡವನು ಕೂರ್ತ್ವಾ ಎಂಬುದನ್ನು ಇಬ್ಬರೂ ಒಪ್ಪಿದ್ದರೆನ್ನುವುದೇ ಸಮಾಧಾನ.

1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಗಳಗಂಡಕ್ಕೆ ಅಯೋಡಿನ್ ಕೊಡತೊಡಗಿದ. ಮುಂದೆ ಅದು ಗಾಯಕ್ಕೆ ಹಚ್ಚುವ ಟಿಂಕ್ಚರ್ ಆಯಿತು, ಅಡುಗೆಯ ಉಪ್ಪಿಗೂ ಸೇರಿತು. ಹೊಸದುರ್ಗ, ಹೊಳಲ್ಕೆರೆಗಳ ಸಂತೆಯಲ್ಲಿ ಕಲ್ಲುಪ್ಪನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದ ಕಾಲದಲ್ಲಿ, ಅಯೋಡಿನ್ ಉಪ್ಪು ಏಕೆ ಬೇಕೆಂದು ತಿಳಿಹೇಳುವ ಸಭೆಗಳಲ್ಲಿ ನಾನೂ ಮಾತನಾಡಿದ್ದೇನೆ. ಕೂರ್ತ್ವಾನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಬೇಡದ ಸಸ್ಯದಿಂದ ಬೇಕಾದ ಸತ್ವ ತೆಗೆಯುವ ಮಾತು ಈಗ ಮತ್ತೆ ಕೇಳಿಬರುತ್ತಿದೆ. ಸಾಗುವಳಿಗೆಂದು ಹೊರಗಿನಿಂದ ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿರುವುದು 2008ರಲ್ಲಿ ವರದಿಯಾಯಿತು. ಅದೇ ಕಳೆಯಿಂದ ಆಹಾರ ಮಂದಗೊಳಿಸುವ ಕ್ಯಾರಗೀನನ್, ಬೆಳೆಗೆ ಸಿಂಪಡಿಸುವ ರಸ ಎರಡೂ ದೊರೆಯುತ್ತವೆ. ನಮ್ಮ ಹಿರಿಯೂರಿನ ಕೆರೆಯಂಗಳಗಳನ್ನು ಆವರಿಸಿದ ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದ ಬಂದದ್ದೇ. ಅದರ ಎಲೆಯಲ್ಲಿರುವ ಜೂಲಿಫ್ಲೋರಿನ್‌ಗೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿರುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಮುಳ್ಳು ಚುಚ್ಚಿಸಿಕೊಂಡು ಅದನ್ನು ಕಡಿಯುವವನಿಗೆ ಸಿಗುವುದು ಸೌದೆ, ಇದ್ದಿಲಿನ ಲೆಕ್ಕದ ಕೂಲಿ. ನಾಳೆ ಅದರ ಎಲೆಗೆ ಬೆಲೆ ಬಂದರೆ ಆತನ ಪಾಲೆಷ್ಟು ಎಂಬುದನ್ನು ಯೋಜನೆ ಬರೆಯುವಾಗಲೇ ನಮೂದಿಸಬೇಕೆಂಬುದು ನನ್ನ ವಾದ. ಆಮೇಲೆ ಯಾರೂ ನಮೂದಿಸುವುದಿಲ್ಲ.

ಕೂರ್ತ್ವಾನ ಪಾಲಿಗೆ ಬಂದದ್ದೇನು? 1815ರಲ್ಲಿ ಯುದ್ಧ ಮುಗಿಯಿತು. ಅಗ್ಗದ ಪೆಟ್ಲುಪ್ಪು ಹೊರಗಿನಿಂದ, ಅದರಲ್ಲೂ ನಮ್ಮ ಭಾರತದಿಂದಲೇ ಬರತೊಡಗಿ ಆತನ ಕಾರ್ಖಾನೆ ಸೊರಗಿತು. 1820ರ ದಶಕದಲ್ಲಿ ಅಯೋಡಿನ್ನನ್ನೇ ತಯಾರಿಸಿ ಮಾರಲು ಹೊರಟ; ಅದೂ ಕೈಹಿಡಿಯಲಿಲ್ಲ. 1831ರಲ್ಲಿ ವಿಜ್ಞಾನ ಅಕಾಡೆಮಿ 6,000 ಫ್ರಾಂಕ್‌ಗಳ ಬಹುಮಾನ ಕೊಟ್ಟಿತು. ಅದು ಮುಗಿಯಲು ಬಹಳ ಕಾಲ ಬೇಕಾಗಲಿಲ್ಲ. 1838ರ ಸೆಪ್ಟೆಂಬರ್ 27ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ಆತ ಹೆಂಡತಿಗೆ ಬಿಟ್ಟುಹೋದದ್ದು ಬಡತನವನ್ನು.