ಸಕ್ಕರ್‌ನ ಬಾವಿ ಮತ್ತು ಆಮಶಂಕೆಯ ಪಾಠ

ನನ್ನ ಬೋಧನಾಭ್ಯಾಸ ನಡೆದದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಲೆಯಲ್ಲಿ. ಎಂಟನೇ ತರಗತಿಗೆ ಆಮಶಂಕೆಯ ಬಗ್ಗೆ ಪಾಠ ಮಾಡಬೇಕಿತ್ತು. ಪೀಠಿಕೆಗೆ ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಆರಿಸಿಕೊಂಡೆ. ಹೆಸರು ಹೇಳಿದ ಕೂಡಲೇ ಮಕ್ಕಳೆಲ್ಲ ಕನ್ನಂಬಾಡಿ ಕಟ್ಟೆ ಎಂದರು. ಅವರು ಮುಂಬಯಿ ಸರ್ಕಾರದಲ್ಲಿ ನೈರ್ಮಲ್ಯ ಎಂಜಿನಿಯರ್ ಆಗಿದ್ದರೆಂಬುದು ಯಾರಿಗೂ ಗೊತ್ತಿರಲಿಲ್ಲ. ಪಾಠಯೋಜನೆ ಬರೆಯುವ ತನಕ ನನಗೂ ಗೊತ್ತಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು, ಚಿಕ್ಕಂದಿನಲ್ಲೇ ತಂದೆಯ ಸಾವು, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಎಂಜಿನಿಯರಿಂಗ್, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಇದನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿದೆ. ನಿಧಾನವಾಗಿ ಹೇಳಿದ್ದು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ಕತೆ.

ಸಕ್ಕರ್ ಇರುವುದು ಸಿಂಧೂ ನದಿಯ ದಡದಲ್ಲಿ. ನೀರಿಗೆ ಬರವಿಲ್ಲ, ಆದರೆ ಅದು ಕೆಸರು ನೀರು. ಶೋಧಿಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ, ದಡದ ಹತ್ತಿರ, ಬಾವಿ ತೋಡಿಸಿದರು. ಮರಳಿನ ಮೂಲಕ ಬಸಿದು ಬಂದ ತಿಳಿನೀರನ್ನು ಪಂಪಿನಿಂದ ಎತ್ತಿ ಊರಿಗೆ ಹಂಚುವಂತಾಯಿತು. ಅದು 1895. ಜಪಾನಿನ ಕಿಯೋಶಿ ಶಿಗಾ ಆಮಶಂಕೆಯ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದು ಅದಾಗಿ ಎರಡು ವರ್ಷಕ್ಕೆ. ಈ ಎರಡು ಇಸವಿಗಳನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದೆ.

1906ರಲ್ಲಿ ಅವರನ್ನು ಏಡನ್ನಿಗೆ ಕಳಿಸಿದ್ದು ಕುಡಿಯುವ ನೀರು ಮತ್ತು ಚರಂಡಿ ಎರಡನ್ನೂ ನೋಡಲು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಕರೆಸಿಕೊಂಡಾಗ ಪ್ರವಾಹ ತಡೆಯ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಮಾಡಿದರು. ಆಮಶಂಕೆ ಹರಡುವುದು ರೋಗಿಯ ಮಲದಿಂದ ನೀರು, ಕೈ, ನೊಣಗಳ ಮೂಲಕ ಇನ್ನೊಬ್ಬರ ಬಾಯಿಗೆ. ಹಾಗಾಗಿ ನೀರು ಮತ್ತು ಚರಂಡಿ ನನ್ನ ಪಾಠದಲ್ಲೂ ಒಂದೇ ಘಟಕವಾದವು. ಮೈಸೂರಿನ ದಿವಾನಗಿರಿಗೆ (1912–18) ಒಂದು ವಾಕ್ಯ ಸಾಕಾಯಿತು.

ತಪ್ಪಾದದ್ದು ಪ್ರಯೋಗದಲ್ಲಿ. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗೆ ಹಿಡಿದು ಹತ್ತಿ, ಮರಳು, ಜಲ್ಲಿ ತುಂಬಿ ಕೆಸರು ನೀರು ಸುರಿದೆ. ತಿಳಿನೀರು ಇಳಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನ ಹುಡುಗ ಲೋಟ ಎತ್ತಿ ಬಾಯಿಗಿಟ್ಟೇಬಿಟ್ಟ. ಕಿತ್ತುಕೊಂಡೆ. ಅವನ ತಂಗಿ ಹಿಂದಿನ ವಾರವಷ್ಟೇ ರಕ್ತಭೇದಿಯಿಂದ ಆಸ್ಪತ್ರೆ ಸೇರಿದ್ದಳೆಂದು ಆಮೇಲೆ ತಿಳಿಯಿತು.

ನದಿಯ ಮರಳಿನ ಪದರ ಆಳವಾದದ್ದು, ಅದರಲ್ಲಿ ನೀರು ಬಹಳ ನಿಧಾನವಾಗಿ ಬಸಿಯುತ್ತದೆ. ನನ್ನ ಬಾಟಲಿ ಮಣ್ಣನ್ನು ಹಿಡಿಯಿತೇ ಹೊರತು ರೋಗಾಣುಗಳನ್ನಲ್ಲ. ಅಮೀಬಾದ ಕೋಶಗಳಂತೂ ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೂ ಸುಲಭವಾಗಿ ಸಾಯುವುದಿಲ್ಲ, ಚೆನ್ನಾಗಿ ಕುದಿಸಿದರೆ ಸಾಯುತ್ತವೆ. ಇದನ್ನು ಮೊದಲೇ ಹೇಳದೆ ಪ್ರಯೋಗ ತೋರಿಸಿದ್ದು ನನ್ನ ತಪ್ಪು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದೂ ಅದನ್ನೇ.

ಮರುದಿನ ಇನ್ನೊಂದು ವಿಭಾಗಕ್ಕೆ ಅದೇ ಪಾಠ. ಕುಡಿಯುವುದಕ್ಕಲ್ಲ ಎಂಬ ಚೀಟಿಯನ್ನು ಬಾಟಲಿಗೆ ಅಂಟಿಸಿ, ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿನ ಚೊಂಬನ್ನೂ ಸೋಪನ್ನೂ ಇಟ್ಟೆ. ಒಂದು ಲೀಟರ್ ಆರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಎಲ್ಲರ ಕೈಯಲ್ಲೂ ಕಲಸಿಸಿದೆ. ಭೇದಿಯಲ್ಲಿ ರಕ್ತ ಕಂಡರೆ ಇದನ್ನು ಕುಡಿಸುತ್ತಲೇ ವೈದ್ಯರ ಬಳಿ ಕರೆದೊಯ್ಯಬೇಕೆಂದೂ ಹೇಳಿದೆ. ಸಕ್ಕರ್ ಕತೆ ಹೇಳಿದ್ದು ಇದೆಲ್ಲ ಆದ ಮೇಲೆ.